ಮೊದಲ ಸಾಲು ದೇವರದು

ಅಕ್ಕನ ತಿಥಿಯ ದಿನ ಕೊನೆಯ ಪಂಕ್ತಿ ಎದ್ದ ಮೇಲೆ, ನಮ್ಮ ಇನ್‌ಸ್ಟಿಟ್ಯೂಟಿನಲ್ಲಿ ಹಿಂದೆ ಟೈಪಿಂಗ್ ಕಲಿತಿದ್ದ ಒಬ್ಬಾಕೆ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕುಳಿತಳು. ಈಗ ಆಕೆ ಹುಡುಗರಿಗೆ ವೆಬ್‌ಸೈಟ್ ಮಾಡುವುದನ್ನು ಕಲಿಸುತ್ತಾಳೆ.

“ಸಾರ್, ಆಗ ನೀವಿಬ್ರೂ ಯಾರ ಹತ್ರಾನೂ ಹೋಗ್ದೆ ಹೆಂಗ್ ಕಲಿತ್ರಿ? ಏನೇನ್ ಸಾಫ್ಟ್‌ವೇರ್ ಇಟ್ಕೊಂಡಿದ್ರಿ? ನಮ್ ಹುಡುಗ್ರಿಗೆ ಹೇಳ್ಬೇಕು” ಎಂದಳು.

ಇಂಥ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದವಳು ಅಕ್ಕ. ನಾನು “ಆಮೇಲೆ ಹೇಳ್ತೀನಮ್ಮ” ಎಂದು ಎದ್ದುಬಿಟ್ಟೆ. ಬಾಯಲ್ಲಿ ಹೇಳುವುದು ನನಗೆ ಬರುವುದಿಲ್ಲ. ಬರೆದರೆ ಬಂದೀತು ಎಂದು ಕುಳಿತಿದ್ದೇನೆ.

ತೊಂಬತ್ತರ ದಶಕದ ಕೊನೆಯ ಮಾತು. ದೇವನಹಳ್ಳಿಯಲ್ಲಿ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಕಲಿಸುವವಳು ಅಕ್ಕ. ರಿಬ್ಬನ್ ಬದಲಾಯಿಸುವುದು, ಎಣ್ಣೆ ಬಿಡುವುದು, ಅಕ್ಕ ಇಲ್ಲದಾಗ ಬ್ಯಾಚ್ ನೋಡಿಕೊಳ್ಳುವುದು ನನ್ನ ಕೆಲಸ. ನನ್ನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತ್ತು. ಟೈಪಿಂಗ್ ಕಲಿಯುವವರು ಕಡಿಮೆಯಾಗುತ್ತಿದ್ದರು. ಅಕ್ಕ ಅರ್ಧ ಮೆಷಿನ್‌ಗಳನ್ನು ಮಾರಿ ಒಂದು ಕಂಪ್ಯೂಟರ್ ತಂದಿದ್ದಳು. ಅದಕ್ಕೆ ತನ್ನ ಹಳೇ ಸೀರೆಯಿಂದ ಹೊದಿಕೆ ಹೊಲಿದು ಮುಚ್ಚಿಟ್ಟಿದ್ದಳು. ಹೊದಿಕೆ ತೆಗೆದು ಏನು ಮಾಡಬೇಕೆಂದು ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಆಗ ಕುಂದಾಣದ ಕಡೆಯ ರೈತರೊಬ್ಬರು ಮೆಟ್ಟಿಲು ಹತ್ತಿ ಬಂದರು. ದ್ರಾಕ್ಷಿ ಬಿಟ್ಟು, ಪ್ಲಾಸ್ಟಿಕ್ ಹೊದಿಸಿದ ಮನೆಗಳಲ್ಲಿ ಗುಲಾಬಿ ಬೆಳೆದು ಹೊರದೇಶಕ್ಕೆ ಕಳಿಸುತ್ತಿದ್ದವರು. ನಾವು ಅವರನ್ನು ಯಜಮಾನರು ಎನ್ನುತ್ತಿದ್ದೆವು. ಬರುವ ತಿಂಗಳು ವಿದೇಶದಲ್ಲಿ ಹೂವಿನ ಪ್ರದರ್ಶನ. ಅಲ್ಲಿ ಹಂಚಲು ಹಾಳೆಗಳನ್ನು ಅಚ್ಚು ಹಾಕಿಸಿಬಿಟ್ಟಿದ್ದರು. ಅದರ ಕೆಳಗೆ ಒಂದು ವೆಬ್‌ಸೈಟ್ ವಿಳಾಸವೂ ಇತ್ತು. ಬೆಂಗಳೂರಿನ ಒಂದು ಕಂಪನಿ ವಿಳಾಸವನ್ನೂ ಜಾಗವನ್ನೂ ಕೊಟ್ಟಿತ್ತು. ಆ ಜಾಗದಲ್ಲಿ ಇಡುವ ಪುಟ ಮಾತ್ರ ಇರಲಿಲ್ಲ.

“ಟೀಚರಮ್ಮ, ನಮ್ ಹೂವಿಗೊಂದ್ ಪುಟ ಮಾಡ್ಕೊಡಿ. ಅಲ್ಲಿ ನೋಡ್ದೋರು ನಂಗಿಷ್ಟು ಬೇಕು ಅಂತ ಅಲ್ಲೇ ಬರೀಬೇಕು. ಅದು ಇಲ್ಲಿಗೆ ಬಂದ್ಬಿಡ್ಬೇಕು. ನಾನು ವಿಮಾನ ಹತ್ತೋದ್ರೊಳಗೆ ಆಗ್ಬೇಕು. ಹಾಳೆ ಹಂಚಿದ್ಮೇಲೆ ವಾಪಸ್ ಇಸ್ಕೊಳ್ಳೋಕಾಗಲ್ಲ ನೋಡಿ.”

“ಆಗುತ್ತೆ ಬಿಡಿ” ಎಂದಳು ಅಕ್ಕ.

ಅವರು ಇಳಿದುಹೋದ ಮೇಲೆ ಕೇಳಿದೆ. “ಅಕ್ಕ, ನಮಗೆ ಬರುತ್ತಾ ಅದು?”

“ಬರಲ್ಲ ಕಣೋ. ಅದಕ್ಕೇ ಆಗುತ್ತೆ ಅಂದೆ. ಬರುತ್ತೆ ಅಂದಿದ್ರೆ ಸುಳ್ಳಾಗ್ತಿತ್ತು.”

ಬೆಳಗಿನ ಮೊದಲ ಬ್ಯಾಚಿಗಿಂತ ಮುಂಚೆ ಫೋನ್ ಲೈನ್ ಖಾಲಿ ಇರುತ್ತಿತ್ತು. ಆ ಹೊತ್ತಿಗೆ ಬೆಂಗಳೂರಿಗೆ ಡಯಲ್ ಮಾಡಿ, ಮೋಡೆಮ್ ಕಿರುಚಿ ಸುಮ್ಮನಾಗುವವರೆಗೆ ಕಾದು, ಬೇರೆ ಬೇರೆ ದೇಶದ ಹೂವಿನವರ ಪುಟಗಳನ್ನು ತೆರೆಯುತ್ತಿದ್ದೆವು. ಬ್ರೌಸರಿನಲ್ಲಿ ಪುಟದ ಒಳಗಿನ ಬರಹ ತೋರಿಸುವ ಒಂದು ಆಯ್ಕೆ ಇರುತ್ತದೆ. ಈಗಲೂ ಇದೆ. ಅದನ್ನು ಒತ್ತಿದಾಗ ಅಕ್ಕನ ಮುಖ ಅರಳಿದ್ದು ನನ್ನ ಕಣ್ಣಿಗೆ ಕಟ್ಟಿದೆ.

“ಲೋ, ಎಲ್ಲಾ ಟೈಪ್ ಮಾಡಿರೋದೇ ಕಣೋ! ನಾನೇನೋ ಅಂದ್ಕೊಂಡಿದ್ದೆ. ಟೈಪಿಂಗ್ ಅಂದ್ರೆ ನಮ್ದೇ ಅಲ್ವಾ!”

ಕಲಿಯುವವರಿಗೆ ನಾನು ಮೊದಲು ಹೇಳುವ ಸಾಧನ ಇವತ್ತಿಗೂ ಅದೇ. ದುಡ್ಡು ಕೊಡಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ. ಚೆನ್ನಾಗಿ ಕಂಡ ಪುಟದ ಒಳಗನ್ನು ತೆರೆದು ಓದಬೇಕು. ಎರಡನೆಯದು ನೋಟ್‌ಪ್ಯಾಡ್. ಪುಟವನ್ನು ತಾನೇ ಕಟ್ಟಿಕೊಡುವ ಸಾಫ್ಟ್‌ವೇರ್ ಒಂದನ್ನು ಯಾರೋ ಫ್ಲಾಪಿಯಲ್ಲಿ ತಂದುಕೊಟ್ಟಿದ್ದರು. ಅಕ್ಕ ಒಂದು ದಿನ ನೋಡಿ ಬದಿಗಿಟ್ಟಳು. “ಇದು ನಾವು ಒಂದ್ ಹೇಳಿದ್ರೆ ಹತ್ತು ಬರೀತದೆ. ವಕೀಲರ ಗುಮಾಸ್ತನ ಥರ” ಎಂದಳು. ಕೈಯಿಂದ ಬರೆದದ್ದರಲ್ಲಿ ತಪ್ಪಾದರೆ ಆ ತಪ್ಪು ನಮ್ಮದು. ಹುಡುಕಿದರೆ ಸಿಗುತ್ತಿತ್ತು.

ಪುಟಗಳ ಒಳಬರಹವನ್ನು ಪ್ರಿಂಟ್ ಮಾಡಿ, ತೆರೆಯುವ ಗುರುತಿಗೂ ಅದನ್ನು ಮುಚ್ಚುವ ಗುರುತಿಗೂ ಒಂದೇ ಬಣ್ಣದ ಪೆನ್ಸಿಲಿನಲ್ಲಿ ಗೀಟು ಹಾಕಿದೆವು. ಜೋಡಿ ಸಿಗದ ಬಣ್ಣ ಎಲ್ಲಿದೆಯೋ ಅಲ್ಲಿ ತಪ್ಪು. ಆಮೇಲೆ ಅವುಗಳನ್ನು ನೋಡಿ ನಾವು ಟೈಪ್ ಮಾಡಿದ್ದನ್ನು ಟೈಪಿಂಗ್ ಹಾಳೆ ತಿದ್ದುವಂತೆಯೇ ತಿದ್ದುತ್ತಿದ್ದೆವು. ಅಕ್ಕ ಮೂಲವನ್ನು ಗಟ್ಟಿಯಾಗಿ ಓದುವುದು, ಒಂದೊಂದು ಚುಕ್ಕೆ, ಒಂದೊಂದು ಖಾಲಿ ಜಾಗವನ್ನೂ ಬಾಯಿಬಿಟ್ಟು ಹೇಳುವುದು. ನಾನು ನಮ್ಮ ಹಾಳೆಯ ಮೇಲೆ ಸ್ಕೇಲ್ ಇಟ್ಟು ಸಾಲು ಸಾಲಾಗಿ ಕೆಳಗಿಳಿಸುವುದು. ಕಣ್ಣು ತಾನು ನೋಡಬೇಕೆಂದಿದ್ದನ್ನೇ ನೋಡುತ್ತದೆ, ಕಿವಿಗೆ ಆ ಚಟ ಕಡಿಮೆ. ಮೆಷಿನ್ ಮುಂದೆ ಕುಳಿತ ಹುಡುಗಿಯರು ನಮ್ಮನ್ನು ನೋಡಿ ನಗುತ್ತಿದ್ದರು. “ಮಿಸ್ಸು ಮಂತ್ರ ಹೇಳ್ತಾವ್ರೆ ಕಣೇ!”

ನಮ್ಮ ಇನ್‌ಸ್ಟಿಟ್ಯೂಟಿನಲ್ಲಿ ಇನ್ನೊಂದು ಪದ್ಧತಿ ಇತ್ತು. ಫೇರ್ ಹಾಳೆಯ ನೆತ್ತಿಯಲ್ಲಿ ಶ್ರೀ ಎಂದು ಟೈಪ್ ಮಾಡಿಯೇ ಪಾಠ ಶುರು ಮಾಡಬೇಕು. ಅದು ದೇವರ ಸಾಲು, ಲೆಕ್ಕಕ್ಕಿಲ್ಲ. ಒಂದನೇ ಸಾಲು ಎಂದರೆ ಅದರ ಕೆಳಗಿನದು. ರಫ್ ಹಾಳೆಗೆ ಮಾತ್ರ ಶ್ರೀ ಹಾಕುವಂತಿಲ್ಲ. ದೇವರ ಹೆಸರಿರುವ ಕಾಗದ ಕಸದ ಬುಟ್ಟಿಗೆ ಬೀಳಬಾರದು ಎಂದು ಅಕ್ಕನ ಕಟ್ಟಪ್ಪಣೆ. ಕಂಪ್ಯೂಟರಿಗೂ ಅದೇ ನಿಯಮ ಬಂತು. ರಫ್ ಕೆಲಸಕ್ಕೆ ಒಂದು ಫ್ಲಾಪಿ, ಫೇರ್ ಕೆಲಸಕ್ಕೆ ಒಂದು ಫ್ಲಾಪಿ.

ಗುಲಾಬಿಯ ಪುಟವನ್ನು ಫೇರ್ ಮಾಡಿದಾಗ ಇಂಗ್ಲಿಷ್ ಅಕ್ಷರಗಳ ಆ ಶ್ರೀ ಬ್ರೌಸರಿನ ಎಡಮೂಲೆಯಲ್ಲಿ ಒಂಟಿಯಾಗಿ ಕಾಣಿಸಿಕೊಂಡಿತು. ನೋಡಲು ಬಂದಿದ್ದ ಯಜಮಾನರು “ಇರ್ಲಿ ಬಿಡಿ, ಶುಭ” ಎಂದರು. ಅಕ್ಕನಿಗೆ ಒಪ್ಪಿಗೆಯಾಗಲಿಲ್ಲ. ಬ್ರೌಸರ್ ತೋರಿಸದೆ ದಾಟಿಹೋಗುವ ಟಿಪ್ಪಣಿ ಬರೆಯುವುದು ಹೇಗೆಂದು ಬೇರೆಯವರ ಪುಟಗಳಲ್ಲಿ ಹುಡುಕಿ ಕಲಿತಳು. ಶ್ರೀಯನ್ನು ಅದರೊಳಗೆ ಇಟ್ಟಳು.

“ಈಗ್ ನೋಡು. ಇದಾನೆ, ಕಾಣಲ್ಲ. ದೇವರು ಅಂದ್ರೆ ಹಂಗಿರ್ಬೇಕು” ಎಂದು ಅವಳೇ ನಕ್ಕಳು.

ಫೋಟೋದ ಪಾಠ ಬೇರೆ. ಸ್ಕ್ಯಾನ್ ಮಾಡಿಸಿದ ಕೆಂಪು ಗುಲಾಬಿಯನ್ನು ಹಾಗೇ ಹಾಕಿದ್ದೆವು. ಯಜಮಾನರು ಕುರ್ಚಿಯಲ್ಲಿ ಕುಳಿತೇ ಇದ್ದರು, ಹೂವು ಮೇಲಿನಿಂದ ಗೆರೆ ಗೆರೆಯಾಗಿ ಇಳಿಯುತ್ತಲೇ ಇತ್ತು. ಕಾಫಿ ತರಿಸಿ ಕುಡಿದದ್ದಾಯಿತು. ದಳಗಳೂ ಮುಗಿದಿರಲಿಲ್ಲ.

“ಟೀಚರಮ್ಮ, ಬಾಡೋದ್ರೊಳಗೆ ಕಾಂಡ ಬರುತ್ತಾ?”

ಅವತ್ತೇ ಫೋಟೋ ಸಣ್ಣದು ಮಾಡುವ ಒಂದು ಪುಟ್ಟ ಸಾಫ್ಟ್‌ವೇರ್ ಹಿಡಿದು ಕುಳಿತೆ. ಅಗಲ ತಗ್ಗಿಸಿ, ಗುಣಮಟ್ಟ ಸ್ವಲ್ಪ ಸ್ವಲ್ಪ ಇಳಿಸಿ, ಹೂವು ಹೂವಾಗಿಯೇ ಉಳಿಯುವ ಕೊನೆಯ ಮೆಟ್ಟಿಲಲ್ಲಿ ನಿಲ್ಲಿಸಿದೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿ ನೋಡಿ ಆಮೇಲೆ ಮುಂದಿನದು. ಅದನ್ನು ನಾನು ಕಲಿತದ್ದು ಆ ಹೂವಿನ ಮೇಲೆ.

ಪುಟ ಆಯಿತು. ಉಳಿದದ್ದು ಫಾರಂ. ಹೆಸರು, ದೇಶ, ಹೂವಿನ ಬಣ್ಣ, ಕಾಂಡದ ಉದ್ದ, ಎಷ್ಟು ಬೇಕು, ಬೇರೇನಾದರೂ ಹೇಳುವುದಿದೆಯೇ, ಇಷ್ಟು ಖಾನೆ. ಬರೆದು ಒತ್ತಿದರೆ ಅದು ಇಮೇಲ್ ಆಗಿ ನಮಗೆ ಬರಬೇಕು. ಪುಟದಿಂದ ಮಾತ್ರ ಆಗುವ ಕೆಲಸವಲ್ಲ ಅದು. ಸರ್ವರಿನಲ್ಲಿ ಒಂದು ಪ್ರೋಗ್ರಾಂ ಕುಳಿತಿರಬೇಕು. ಕಂಪನಿಯ ಎಂಜಿನಿಯರ್ ಪರ್ಲ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಒಂದನ್ನು ಫ್ಲಾಪಿಯಲ್ಲಿ ಕೊಟ್ಟರು. “ನಿಮ್ಮ ಇಮೇಲ್ ವಿಳಾಸ ಎಲ್ಲಿ ಹಾಕ್ಬೇಕೋ ಅಲ್ಲಿ ಹಾಕಿ, ಕಳಿಸಿ, ಸಾಕು” ಎಂದರು. ಮೃದುವಾಗಿ ಮಾತಾಡುವ ಮನುಷ್ಯ.

ವಿಳಾಸ ಹಾಕಿದೆವು, ಕಳಿಸಿದೆವು. ಫಾರಂ ತುಂಬಿ ಒತ್ತಿದೆ. ಸರ್ವರಿನ ಒಳಗೆ ಏನೋ ದೋಷ ಎಂದು ಬರೀ ಇಂಗ್ಲಿಷಿನ ಬಿಳಿ ಪುಟವೊಂದು ಬಂತು. ಏನು ದೋಷ, ಎಲ್ಲಿ ದೋಷ ಎಂದು ಅದು ಹೇಳುವುದಿಲ್ಲ. ಮತ್ತೆ ಒತ್ತಿದೆ. ಅದೇ.

ಎಂಜಿನಿಯರಿಗೆ ಫೋನ್ ಮಾಡಿದೆವು. ಫೈಲನ್ನು ಓಡಿಸುವ ಅನುಮತಿ ಕೊಟ್ಟಿದ್ದೀರಾ ಎಂದರು. ಕೊಟ್ಟಿರಲಿಲ್ಲ, ಕೊಟ್ಟೆವು. ಆಗಲಿಲ್ಲ. ಮಾರನೆಯ ದಿನ, ಫೈಲನ್ನು ಪಠ್ಯವಾಗಿ ಕಳಿಸಿದಿರೋ, ಇದ್ದದ್ದು ಇದ್ದಂತೆ ಕಳಿಸಿದಿರೋ ಎಂದು ಕೇಳಿದರು. ನಮ್ಮ ಕಂಪ್ಯೂಟರ್ ಸಾಲು ಮುಗಿಸುವ ರೀತಿ ಬೇರೆ, ಅವರ ಸರ್ವರಿನ ರೀತಿ ಬೇರೆಯಂತೆ. ಕಳಿಸುವ ಸಾಫ್ಟ್‌ವೇರಿನಲ್ಲಿ ಪಠ್ಯ ಎಂಬ ಗುಂಡಿ ಆರಿಸಿ ಮತ್ತೆ ಕಳಿಸಿದೆವು. ಆಗಲಿಲ್ಲ. ಅದರ ಮಾರನೆಯ ದಿನ ಅವರು ಕೇಳಿದ್ದು ಇದು.

“ಮೊದಲ್ನೇ ಸಾಲು ಒಂದ್ಸಲ ನೋಡ್ತೀರಾ ಮೇಡಂ?”

ಅಕ್ಕ ಹಾಳೆ ಹಿಡಿದು, ಹುಡುಗಿಯರಿಗೆ ಡಿಕ್ಟೇಷನ್ ಕೊಡುವಂತೆ ಓದಿದಳು. “ಹ್ಯಾಶು, ಆಶ್ಚರ್ಯ ಚಿಹ್ನೆ, ಸ್ಲ್ಯಾಷು…” ಕೊನೆಯಲ್ಲಿ ಪರ್ಲ್ ಎಂಬ ಹೆಸರು.

“ಸರಿಯಾಗಿದೆಯಲ್ಲ ಮೇಡಂ!” ಎಂದು ಅವರು ಫೋನ್ ಇಟ್ಟರು.

ಯಜಮಾನರು ದಿನಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಲ್ಲತೊಡಗಿದರು. ಗದರುತ್ತಿರಲಿಲ್ಲ. “ಆಯ್ತಾ?” ಎನ್ನುವರು. ಅಕ್ಕ ಇಲ್ಲವೆಂದು ತಲೆಯಾಡಿಸಿದರೆ, “ಆಗುತ್ತೆ ಬಿಡಿ” ಎಂದು ಅವಳ ಮಾತನ್ನೇ ಅವಳಿಗೆ ಕೊಟ್ಟು ಇಳಿದುಹೋಗುವರು. ಗದರಿದ್ದರೆ ಅಕ್ಕನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ವಿಮಾನದ ದಿನ ಹತ್ತಿರ ಬಂದಿತ್ತು. ಆ ವಿಳಾಸವಿದ್ದ ಹಾಳೆಗಳ ಕಟ್ಟು ಅವರ ಸೂಟ್‌ಕೇಸ್ ಸೇರಿಯಾಗಿತ್ತು.

ಎಂಜಿನಿಯರ್ ಕೊಟ್ಟ ಮೂಲವನ್ನೂ ನಮ್ಮ ಹಾಳೆಯನ್ನೂ ಮತ್ತೆ ಮತ್ತೆ ಓದಿದೆವು. ಒಂದನೇ ಸಾಲಿನಿಂದ ಕೊನೆಯವರೆಗೆ ಒಂದು ಚುಕ್ಕೆಯೂ ಹೆಚ್ಚುಕಡಿಮೆ ಇರಲಿಲ್ಲ. ಅಕ್ಕ ಹಾಳೆ ಮಡಚಿಟ್ಟಳು.

“ಸಾಕು. ಇದನ್ನ ಬಿಟ್ಬಿಡೋಣ. ನಮ್ದೇ ಬರಿಯೋಣ.”

“ಪರ್ಲ್ ನಮಗೆಲ್ಲಿ ಬರುತ್ತೆ ಅಕ್ಕ?”

“ಎ ಎಸ್ ಡಿ ಎಫ್ ಇಂದ ಶುರು ಮಾಡ್ಸಲ್ವಾ ನಾವು? ಹಂಗೇ. ಮೊದಲು ನಮಸ್ಕಾರ ಅಂತ ಒಂದ್ ಮಾತು ಹೇಳ್ಲಿ ಅದು. ಆಮೇಲ್ ನೋಡೋಣ.”

ನಿಜವಾದ ತಿರುವು ಅದೇ. ದೊಡ್ಡದನ್ನು ತಿದ್ದುವುದು ಬಿಟ್ಟು ಚಿಕ್ಕದರಿಂದ ಬೆಳೆಸಲು ಹೊರಟೆವು. ರಫ್ ಫ್ಲಾಪಿಯಲ್ಲಿ ನಮಸ್ಕಾರ ಎಂದಷ್ಟೇ ಹೇಳುವ ತುಂಡು ಪ್ರೋಗ್ರಾಂ ಟೈಪ್ ಮಾಡಿ ಕಳಿಸಿದೆ. ಬ್ರೌಸರಿನಲ್ಲಿ ವಿಳಾಸ ಒತ್ತಿದೆ.

ಇಂಗ್ಲಿಷ್ ಅಕ್ಷರದಲ್ಲಿ ನಮಸ್ಕಾರ ಎಂದು ಬಂತು.

ಅಕ್ಕ ಪರದೆಗೆ ಕೈಮುಗಿದು “ನಮಸ್ಕಾರ ಕಣಪ್ಪ, ಚೆನ್ನಾಗಿದೀಯಾ?” ಎಂದಳು. ಹುಡುಗಿಯರೆಲ್ಲ ಮೆಷಿನ್ ಬಿಟ್ಟು ಓಡಿಬಂದರು.

ಆ ನಮಸ್ಕಾರಕ್ಕೆ ಒಂದೊಂದೇ ಕೆಲಸ ಸೇರಿಸುತ್ತ ಹೋದೆವು. ಫಾರಂನಿಂದ ಹೆಸರು ಓದಿ ತೋರಿಸುವುದು, ಬಂತು. ಎಲ್ಲ ಖಾನೆ ಓದುವುದು, ಬಂತು. ಇಮೇಲ್ ಕಳಿಸುವ ಭಾಗವನ್ನು ಎಂಜಿನಿಯರ್ ಕೊಟ್ಟ ಮೂಲದಿಂದ ನೋಡಿ ಸೇರಿಸಿದಾಗ ಅದೂ ನಡೆಯಿತು. ಕೊನೆಗೆ ನೋಡಿದರೆ ನಮ್ಮ ರಫ್ ಪ್ರೋಗ್ರಾಂ ಹೆಚ್ಚುಕಡಿಮೆ ಅವರು ಕೊಟ್ಟದ್ದರಂತೆಯೇ ಇತ್ತು. ವ್ಯತ್ಯಾಸವೆಂದರೆ ಈಗ ಪ್ರತಿ ಸಾಲೂ ಯಾಕಿದೆ ಎಂದು ನಮಗೆ ಗೊತ್ತಿತ್ತು. ಯಜಮಾನರು ಹೊರಡುವ ಹಿಂದಿನ ಬೆಳಿಗ್ಗೆ ಅಕ್ಕ ಹೇಳಿದಳು.

“ಫೇರ್ ಮಾಡಿ ಹಾಕು.”

ಫೇರ್ ಮಾಡಿ ಹಾಕಿದೆ. ಅದೇ ಬಿಳಿ ಪುಟ ಬಂತು. ಒಳಗೆ ಏನೋ ದೋಷ.

ರಫ್ ಅನ್ನು ಕಳಿಸಿದೆ, ನಡೆಯಿತು. ಫೇರ್ ಅನ್ನು ಕಳಿಸಿದೆ, ನಿಂತಿತು. ಅಕ್ಕ ಎರಡನ್ನೂ ಪ್ರಿಂಟ್ ತೆಗೆಸಿದಳು. ಟೈಪಿಂಗ್ ಪರೀಕ್ಷೆಗೆ ಮುಂಚೆ ಅಂಚು, ಸಾಲಿನ ಅಂತರ ನೋಡಲು ಹುಡುಗಿಯರ ಹಾಳೆಯನ್ನು ಮಾದರಿ ಹಾಳೆಯ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿಯುವುದು ನಮ್ಮಲ್ಲಿ ರೂಢಿ. ಹಾಗೆಯೇ ಎರಡನ್ನೂ ಒಂದರ ಮೇಲೊಂದಿಟ್ಟು ಗಾಜಿಗೆ ಒತ್ತಿದಳು. ಯಾವ ಸಾಲೂ ಕೂಡಲಿಲ್ಲ. ಇಡೀ ಪ್ರೋಗ್ರಾಂ ಒಂದು ಸಾಲು ಕೆಳಗೆ ಜರುಗಿತ್ತು.

ನೆತ್ತಿಯಲ್ಲಿ, ಪರ್ಲ್‌ನಲ್ಲಿ ಟಿಪ್ಪಣಿಗೆ ಹಾಕುವ ಹ್ಯಾಶ್ ಗುರುತಿನ ಪಕ್ಕದಲ್ಲಿ, ಶ್ರೀ.

ಅಂಥ ಫೈಲಿನ ಮೊಟ್ಟಮೊದಲ ಅಕ್ಷರಗಳನ್ನು ನೋಡಿ ಇದನ್ನು ಯಾರ ಕೈಗೆ ಕೊಡಬೇಕು ಎಂದು ಸರ್ವರ್ ತಿಳಿಯುತ್ತದೆ. ಪರ್ಲ್ ಎಂಬ ವಿಳಾಸ ಅಲ್ಲೇ ಇರಬೇಕು. ನಾವು ಅಲ್ಲಿ ದೇವರನ್ನು ಕೂರಿಸಿದ್ದೆವು. ಎಂಜಿನಿಯರ್ ಕೊಟ್ಟ ಪ್ರೋಗ್ರಾಂಗೂ ಕೂರಿಸಿದ್ದೆವು, ಅದು ಫೇರ್ ಕೆಲಸವೆಂದು. ಅಷ್ಟು ಸಲ ಓದಿದರೂ ದೇವರ ಸಾಲನ್ನು ನಾವು ಓದಿರಲಿಲ್ಲ. ಅದನ್ನು ಯಾರು ತಿದ್ದುತ್ತಾರೆ? ಮೊದಲನೇ ಸಾಲು ಎಂದು ಅವರು ಕೇಳಿದಾಗಲೂ ಅಕ್ಕ ನಮ್ಮ ಲೆಕ್ಕದ ಒಂದನೇ ಸಾಲನ್ನೇ ಓದಿ ಹೇಳಿದ್ದಳು.

ಅಕ್ಕ ಕಿಟಕಿಯ ಹತ್ತಿರ ಹಾಗೇ ನಿಂತಿದ್ದಳು. ಬೇಜಾರಾಯಿತೋ ಏನೋ ಎಂದು ನನಗೆ ಅಳುಕು. ಅವಳ ಹೆಗಲು ಅಲ್ಲಾಡತೊಡಗಿತು. ತಿರುಗಿದಾಗ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು.

“ತೆಗೆದ್ಬಿಡ್ಲಾ ಅಕ್ಕ?”

“ತೆಗೀಬೇಡ್ವೋ. ಒಂದ್ ಸಾಲು ಕೆಳಗೆ ಹಾಕು. ಬಸ್ಸಲ್ಲಿ ಯಾರಾದ್ರೂ ಬಂದ್ರೆ ನಾವು ಸರ್ಕೊಳ್ಳಲ್ವಾ? ಅವ್ನೂ ಸರ್ಕೋತಾನೆ.”

ಶ್ರೀಯನ್ನು ಎರಡನೇ ಸಾಲಿಗೆ ಇಳಿಸಿ ಕಳಿಸಿದೆ. ಫಾರಂ ತುಂಬಿ ಒತ್ತಿದೆ. ತಲುಪಿತು, ವಂದನೆಗಳು ಎಂದು ಬಂತು. ಮೇಲ್ ತೆರೆದರೆ ನಾನು ಬರೆದದ್ದೇ ನನ್ನ ಮುಂದೆ ಇತ್ತು. ಎಂಜಿನಿಯರಿಗೆ ಫೋನ್ ಮಾಡಿ ಅಕ್ಕ ವಿಷಯ ಹೇಳಿದಾಗ ಆ ಕಡೆಯ ನಗು ನನಗೂ ಕೇಳಿಸಿತು. “ಮೇಡಂ, ನಮ್ಮಮ್ಮ ಧೋಬಿ ಚೀಟಿ ಮೇಲೂ ಶ್ರೀ ಬರೀತಾರೆ. ನಂಗ್ ಹೊಳೀಬೇಕಿತ್ತು” ಎಂದರಂತೆ. ಸಂಜೆ ಯಜಮಾನರು ಬಂದು ಬಾಗಿಲಲ್ಲಿ ನಿಂತಾಗ ಅವರು ಕೇಳುವ ಮೊದಲೇ ಹುಡುಗಿಯರು “ಆಯ್ತು! ಆಯ್ತು!” ಎಂದು ಕೂಗಿಬಿಟ್ಟರು.

ಅವರು ವಿಮಾನ ಹತ್ತಿದ ಮೇಲೆ ದಿನಾ ಬೆಳಿಗ್ಗೆ ಡಯಲ್ ಮಾಡಿ ನೋಡುವುದು. ಏನೂ ಇಲ್ಲ. ಪುಟ ಕೆಟ್ಟಿತೇ ಎಂದು ನಾವೇ ತುಂಬಿ ಕಳಿಸಿದರೆ ಬರುತ್ತಿತ್ತು. ಹೊರಗಿನವರದು ಒಂದೂ ಇಲ್ಲ. ಹಾಗಿರುವಾಗ ಒಂದು ಬೆಳಿಗ್ಗೆ ನಾವು ಬರೆಯದ ಒಂದು ಮೇಲ್ ಇತ್ತು. ಎಲ್ಲ ಕ್ಯಾಪಿಟಲ್ ಅಕ್ಷರದ ಇಂಗ್ಲಿಷ್. ಹೆಸರಿನ ಖಾನೆಯಲ್ಲಿ ಯಜಮಾನರ ಹೆಸರು. ದೇಶದ ಖಾನೆಯಲ್ಲಿ ಕುಂದಾಣ. ಬಣ್ಣ ಕೆಂಪು. ಕಾಂಡದ ಉದ್ದ, ಪೂರ್ತಿ. ಬೇರೇನಾದರೂ ಹೇಳುವುದಿದೆಯೇ ಎಂಬಲ್ಲಿ ಹೀಗಿತ್ತು: ಸುಖವಾಗಿ ತಲುಪಿದೆ, ಮನೆಗೆ ಹೇಳಿ, ಚಳಿ ಜಾಸ್ತಿ, ಕಾಫಿ ನೀರಿನಂತಿದೆ.

ಅಲ್ಲಿಂದ ಫೋನ್ ದುಬಾರಿ. ಪ್ರದರ್ಶನದ ಮಳಿಗೆಯಲ್ಲಿದ್ದ ಕಂಪ್ಯೂಟರಿನಲ್ಲಿ ತಮ್ಮ ಪುಟವನ್ನು ತಾವೇ ತೆರೆದು, ತಮ್ಮ ಹೂವಿಗೆ ತಾವೇ ಗಿರಾಕಿಯಾಗಿ ಬರೆದಿದ್ದರು.

ಮೊದಲ ಬ್ಯಾಚನ್ನು ಹುಡುಗಿಯರಿಗೇ ಒಪ್ಪಿಸಿ ಕುಂದಾಣದ ಬಸ್ ಹತ್ತಿದೆವು. ಯಜಮಾನರ ಹೆಂಡತಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ಅಕ್ಕ ಪ್ರಿಂಟ್ ಮಾಡಿದ ಹಾಳೆಯನ್ನು ಕನ್ನಡ ಮಾಡುತ್ತ ಓದಿದಳು. ಆಕೆ ಕೈ ನಿಲ್ಲಿಸಿ ಕೇಳಿದರು.

“ಉಂಡ್ರಂತಾ?”

“ಅದು ಬರ್ದಿಲ್ಲ ಕಣಮ್ಮ. ಅದಕ್ಕೆ ಖಾನೆ ಇಲ್ಲ ಇದ್ರಲ್ಲಿ.”

“ಎಂಥ ಕಾಗ್ದ ಮಾಡಿದೀರಮ್ಮ? ಬಣ್ಣ ಕೇಳ್ತೀರಾ, ಉದ್ದ ಕೇಳ್ತೀರಾ, ಊಟ ಕೇಳಲ್ವಾ?”

ಹಿಂತಿರುಗುವ ಬಸ್ಸಿನಲ್ಲಿ ಅಕ್ಕನ ಮಡಿಲ ತುಂಬ ಅವರೆಕಾಯಿ. “ಆಯಮ್ಮ ಹೇಳಿದ್ದು ಸರಿ ಕಣೋ” ಎಂದಳು. ತಮಾಷೆಗೆ ಎಂದುಕೊಂಡೆ. ಮಧ್ಯಾಹ್ನ ನೋಡಿದರೆ ಫಾರಂನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ಹೊಸ ಖಾನೆ ಹಾಕಿದ್ದಳು. ನಿಮ್ಮ ಊಟ ಆಯಿತೇ? ರಫ್‌ನಲ್ಲಿ ನೋಡಿ, ಫೇರ್‌ನಲ್ಲಿ ಹಾಕಿ, ಸರ್ವರಿಗೆ ಕಳಿಸಿಯೂ ಆಗಿತ್ತು.

“ಅಕ್ಕ, ವಿದೇಶದೋರು ಏನಂದ್ಕೋತಾರೆ?”

“ಊಟ ಮಾಡೋರೇ ತಾನೆ ಅವ್ರೂ?”

ಕೆಲವು ದಿನ ಕಳೆದು ನಿಜವಾದ ಗಿರಾಕಿಯ ಮೇಲ್ ಬಂತು. ಹೂವಿನ ವ್ಯಾಪಾರಿ, ಯಾವುದೋ ಚಳಿದೇಶದ ಊರು. ಕೆಂಪು ಬೇಕು, ಉದ್ದದ ಕಾಂಡ, ವಾರವಾರ ಕಳಿಸಲಾಗುತ್ತದೆಯೇ, ಬೆಲೆ ತಿಳಿಸಿ. ಊಟದ ಖಾನೆಯಲ್ಲಿ, ಆಯಿತು, ಕೇಳಿದ್ದಕ್ಕೆ ವಂದನೆ, ನಿಮ್ಮದು?

ಅಕ್ಕ ಅದನ್ನು ಗಟ್ಟಿಯಾಗಿ ಓದಿದಳು. ಮತ್ತೆ ಓದಿದಳು. ಬೆಲೆಯನ್ನು ಯಜಮಾನರ ಹೂವಿನ ಪ್ಯಾಕಿಂಗ್ ಶೆಡ್ಡಿಗೆ ಫೋನ್ ಮಾಡಿ ಕೇಳಿ ಬರೆದುಕೊಂಡು, ಉತ್ತರ ಟೈಪ್ ಮಾಡಲು ಕುಳಿತಳು. ಕೈ ಕೀಲಿಯ ಮೇಲಿಟ್ಟವಳು ನನ್ನ ಕಡೆ ತಿರುಗಿದಳು.

“ನಿಂದು ಊಟ ಆಯ್ತೇನೋ?”

“ಇಲ್ಲ ಅಕ್ಕ.”

“ನಂದೂ ಇಲ್ಲ. ತಡಿ ಹಂಗಿದ್ರೆ, ಸುಳ್ಳು ಬರೀಬಾರ್ದು.”

ಎದ್ದು ಕ್ಯಾರಿಯರ್ ಬಿಚ್ಚಿದಳು. ಮುದ್ದೆ, ಹಿತಕಿದ ಅವರೆ ಸಾರು. ಇಬ್ಬರೂ ಕಂಪ್ಯೂಟರಿನ ಪಕ್ಕದಲ್ಲೇ ಕುಳಿತು ಉಂಡೆವು. ಕೈ ತೊಳೆದು ಬಂದು, ನಮ್ಮದೂ ಆಯಿತು ಎಂದು ಅಕ್ಕ ಮೊದಲು ಬರೆದಳು. ಬೆಲೆಯನ್ನು ಅದರ ಕೆಳಗೆ ಬರೆದಳು.